ಮಗಳು ‘ಮಾಸ್ಟರ್‌ಕ್ಲಾಸ್’ಗೆ ಹೊರಟಳೇ? ಬೇಡ ಅನ್ನುವ ಮುಂಚೆ…

“ಅಮ್ಮಾ, ಶನಿವಾರ ಮಾಸ್ಟರ್‌ಕ್ಲಾಸ್ ಇದೆ. ಬರೋದು ರಾತ್ರಿ ಒಂಬತ್ತಾಗುತ್ತೆ. ಊಟಕ್ಕೆ ಕಾಯ್ಬೇಡ.”

ಮನೆಯಲ್ಲಿ ಜರ್ನಲಿಸಂ, ಮೀಡಿಯಾ ಸ್ಟಡೀಸ್, ಫಿಲಂ ಮೇಕಿಂಗ್ ಅಂತ ಓದುವ ಮಕ್ಕಳಿದ್ದರೆ ಈ ಮಾತು ನಿಮಗೆ ಹೊಸದೇನಲ್ಲ. ಬಿ.ಕಾಂ. ಓದುವ ಮಕ್ಕಳಾದರೆ ಕಾಲೇಜು, ಟ್ಯೂಷನ್, ಪರೀಕ್ಷೆ – ಲೆಕ್ಕ ಸಲೀಸು. ಇವರದು ಹಾಗಲ್ಲ. ಇವತ್ತು ಯಾರೋ ನಿರ್ದೇಶಕರ ಜೊತೆ ಸಂವಾದ, ನಾಳೆ ಇನ್ಯಾವುದೋ ಕಾಲೇಜಿನಲ್ಲಿ ಮೀಡಿಯಾ ಫೆಸ್ಟ್, ನಾಡಿದ್ದು ‘ಇಂಡಸ್ಟ್ರಿ ಡೇ’. ಹೆಚ್ಚಿನದಕ್ಕೆ ಅಟೆಂಡೆನ್ಸೂ ಇಲ್ಲ, ಮಾರ್ಕೂ ಇಲ್ಲ. “ಅಲ್ಲಿ ಕೂತು ಭಾಷಣ ಕೇಳಿದರೆ ಕೆಲಸ ಸಿಗುತ್ತಾ?” ಅಂತ ಯಜಮಾನರು ಕೇಳಿದರೆ ಉತ್ತರ ಹೇಳಬೇಕಾದವರು ನೀವು. ಯಾಕೆಂದರೆ ಅವಳು ಹೇಳಿ ಹೋಗಿರುವುದು ನಿಮಗೆ ಮಾತ್ರ!

ಹಾಗಾದರೆ ಉತ್ತರ ಏನು? ಭಾಷಣ ಕೇಳಿದ್ದಕ್ಕೇ ಯಾರೂ ಕೆಲಸ ಕೊಡುವುದಿಲ್ಲ. ಆದರೆ ಸಿನಿಮಾ ಮತ್ತು ಮಾಧ್ಯಮದ ಕೆಲಸಗಳು ಇಂಥ ಸಭೆಗಳ ಸುತ್ತಮುತ್ತಲೇ ಹುಟ್ಟುತ್ತವೆ. ಬ್ಯಾಂಕಿನ ಕೆಲಸಕ್ಕೆ ಪೇಪರಿನಲ್ಲಿ ಪ್ರಕಟಣೆ ಬರುತ್ತದೆ, ಅರ್ಜಿ ಹಾಕಿ ಪರೀಕ್ಷೆ ಬರೆದರಾಯಿತು. ಒಂದು ಚಿತ್ರಕ್ಕೆ ಸಹಾಯಕ ಸಂಕಲನಕಾರ ಬೇಕಾದರೆ ಯಾರೂ ಪ್ರಕಟಣೆ ಕೊಡುವುದಿಲ್ಲ. “ನಿಮಗೆ ಗೊತ್ತಿರೋ ಒಳ್ಳೆ ಹುಡುಗಿ ಯಾರಾದ್ರೂ ಇದ್ದಾರಾ?” ಅಂತ ಫೋನಿನಲ್ಲಿ ಕೇಳುತ್ತಾರೆ. ಆ ‘ಗೊತ್ತಿರುವ’ವರ ಪಟ್ಟಿಗೆ ಸೇರುವುದು ಹೇಗೆ? ಚಿಕ್ಕಪ್ಪನೋ ಮಾವನೋ ಚಿತ್ರರಂಗದಲ್ಲಿದ್ದವರಿಗೆ ಮನೆಯಲ್ಲೇ ದಾರಿ ಇರುತ್ತದೆ. ನಮ್ಮ ನಿಮ್ಮಂಥ ಮನೆಯ ಮಕ್ಕಳಿಗೆ ಇರುವ ಬಾಗಿಲು ಇದೊಂದೇ – ಕಾಲೇಜು, ಜೊತೆಗೆ ಓದುವವರು, ಮತ್ತು ಈ ಸಭೆಗಳು. ಆ ಬಾಗಿಲನ್ನು ನಾವೇ ‘ಕತ್ತಲಾಗುತ್ತೆ, ಬೇಡ’ ಅಂತ ಮುಚ್ಚಿಬಿಟ್ಟರೆ?

ಜೊತೆಗೆ ಓದುವವರು ಅಂದೆನಲ್ಲ, ಅದಕ್ಕೊಂದು ಉದಾಹರಣೆ ಹೇಳಬೇಕು. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗಾಗಿಯೇ ಇರುವ ‘ಲಾ ಸಿನೆಫ್’ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದದ್ದು ಒಂದು ಕನ್ನಡ ಕಿರುಚಿತ್ರ. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದೊಯ್ದ ಮೇಲೆ ಸೂರ್ಯನೇ ಹುಟ್ಟದೆ ಹೋಗುವ ನಮ್ಮ ಜನಪದ ಕತೆ ಅದು. ನಿರ್ದೇಶಕ ಚಿದಾನಂದ ಎಸ್. ನಾಯಕ್ ಮೈಸೂರಿನಲ್ಲಿ ಎಂಬಿಬಿಎಸ್ ಓದಿದ ಹುಡುಗ! ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ, ಅಂದರೆ ಎಫ್‌ಟಿಐಐನಲ್ಲಿ, ಒಂದು ವರ್ಷದ ಟೆಲಿವಿಷನ್ ಕೋರ್ಸ್ ಮುಗಿಸುವಾಗ ಮಾಡಿದ ಚಿತ್ರ. ಕ್ಯಾಮೆರಾ, ಸಂಕಲನ, ಧ್ವನಿ ಎಲ್ಲವನ್ನೂ ನೋಡಿಕೊಂಡವರು ಸಹಪಾಠಿಗಳೇ. ಅದೇ ವರ್ಷ ಕಾನ್‌ನ ಮುಖ್ಯ ಸ್ಪರ್ಧೆಯಲ್ಲಿ ಎರಡನೇ ದೊಡ್ಡ ಪ್ರಶಸ್ತಿಯಾದ ‘ಗ್ರಾಂ ಪ್ರಿ’ ಪಡೆದ ಪಾಯಲ್ ಕಪಾಡಿಯಾ ಕೂಡ ಪುಣೆಯ ಅದೇ ಸಂಸ್ಥೆಯಲ್ಲಿ ಓದಿದವರು. “ಡಾಕ್ಟರ್ ಓದಿದವನು ಸಿನಿಮಾಕ್ಕೆ ಹೋದನಾ!” ಅಂತ ಹುಬ್ಬೇರಿಸಬೇಡಿ. ನಮ್ಮ ಗಿರೀಶ ಕಾಸರವಳ್ಳಿ ಅವರೂ ಮಣಿಪಾಲದಲ್ಲಿ ಫಾರ್ಮಸಿ ಓದಿಕೊಂಡೇ ಪುಣೆಗೆ ಹೋದದ್ದು.

ಇಲ್ಲೊಂದು ಕಿವಿಮಾತು. ಎಫ್‌ಟಿಐಐನ ಮೂರು ವರ್ಷದ ಚಲನಚಿತ್ರ ಕೋರ್ಸುಗಳಿಗೆ ಯಾವುದಾದರೂ ಪದವಿ ಇರಬೇಕು, ಆಮೇಲೆ ಪ್ರವೇಶ ಪರೀಕ್ಷೆ. ಆದ್ದರಿಂದ “ಡಿಗ್ರಿ ಬಿಟ್ಟುಬಿಡ್ತೀನಿ, ನೇರ ಸಿನಿಮಾಕ್ಕೆ ಹೋಗ್ತೀನಿ” ಅಂತ ಹಟ ಹಿಡಿದ ಮಗನಿಗೆ ಹೇಳಲು ನಿಮ್ಮ ಬಳಿ ಒಂದು ಒಳ್ಳೆಯ ಕಾರಣ ಇದ್ದೇ ಇದೆ.

ಇನ್ನು ನನ್ನದೇ ಪೆದ್ದುತನದ ಕತೆ. ಮರ್ಯಾದೆಯ ಪ್ರಶ್ನೆಯಾದರೂ ಹೇಳಿಬಿಡುತ್ತೇನೆ, ನಿಮಗಾದರೂ ಉಪಯೋಗವಾಗಲಿ.

ಮಗಳು ದ್ವಿತೀಯ ಪಿಯುಸಿ ಮುಗಿಸಿದ ಬೇಸಿಗೆ. ಪೇಪರಿನ ಜೊತೆ ಒಂದು ಬಣ್ಣದ ಚೀಟಿ ಬಂತು. ‘ಮಾಧ್ಯಮ ಲೋಕದಲ್ಲಿ ಭವಿಷ್ಯ – ಉಚಿತ ವಿಚಾರ ಸಂಕಿರಣ’. ದೊಡ್ಡ ಹೋಟೆಲು, ತಣ್ಣನೆಯ ಹಾಲ್, ಕಾಫಿ, ಬಿಸ್ಕತ್ತು. ಉಚಿತ ಅಂದರೆ ನಾವು ಬಿಡುತ್ತೇವೆಯೇ? ಇಬ್ಬರೂ ಹೋದೆವು. ವೇದಿಕೆ ಮೇಲಿದ್ದವರು ತಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿದರು, ತಮ್ಮ ಸಂಸ್ಥೆಯ ಬಗ್ಗೆ ಒಂದು ಗಂಟೆ. ಕೊನೆಗೆ ದೀಪ ಹತ್ತಿತು, ಕೋಟು ತೊಟ್ಟ ಹುಡುಗರು ಒಂದೊಂದು ಸಾಲಿಗೂ ಬಂದು ನಿಂತರು. “ಆಂಟಿ, ಇವತ್ತು ಸೀಟ್ ಬ್ಲಾಕ್ ಮಾಡಿದ್ರೆ ಮಾತ್ರ ಡಿಸ್ಕೌಂಟು.” ಪಕ್ಕದ ಸಾಲಿನ ತಾಯಿ ಪರ್ಸ್ ತೆಗೆದರು. ನಾನೂ ತೆಗೆದೆ. ಹತ್ತು ಸಾವಿರ! ಮನೆಗೆ ಬಂದು ರಸೀದಿ ಓದಿದಾಗ ಗೊತ್ತಾಯಿತು – ಯಾವ ಕಾರಣಕ್ಕೂ ಹಣ ವಾಪಸ್ ಇಲ್ಲ. ಕೋರ್ಸಿಗೆ ಯಾವ ವಿಶ್ವವಿದ್ಯಾಲಯದ ಮಾನ್ಯತೆಯೂ ಇರಲಿಲ್ಲ. ನಾಲ್ಕು ತಿಂಗಳು ಓಡಾಡಿದ್ದೇ ಬಂತು. ತರಕಾರಿಯವನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವ ನಾನು ಅಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆವತ್ತಿನಿಂದ ನಾನು ಕಲಿತದ್ದು ಇಷ್ಟು. ಉಪನ್ಯಾಸ ಬೇರೆ, ಅಡ್ಮಿಷನ್ ವ್ಯಾಪಾರ ಬೇರೆ. ಎರಡೂ ಒಂದೇ ಥರದ ಆಹ್ವಾನಪತ್ರಿಕೆಯಲ್ಲಿ ಬರುತ್ತವೆ, ಹೆಸರೂ ಒಂದೇ ಇರುತ್ತದೆ. ಬೇರ್ಪಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೆ. ಮೊದಲು ಮಾತಾಡುವವರು ಯಾರು ನೋಡಿ. ‘ಖ್ಯಾತ ತಂತ್ರಜ್ಞರು’ ಅಂತ ಹಾಕಿ ಹೆಸರೇ ಹಾಕದಿದ್ದರೆ ಅನುಮಾನ ಪಡಿ. ಹೆಸರಿದ್ದರೆ ಅವರು ಕೆಲಸ ಮಾಡಿದ ಒಂದು ಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಹುಡುಕಿ, ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿದೆಯಾ ಅಂತ ಮಗಳಿಗೇ ನೋಡಲು ಹೇಳಿ. ಪ್ರಶ್ನೋತ್ತರಕ್ಕೆ ಎಷ್ಟು ಹೊತ್ತು ಇಟ್ಟಿದ್ದಾರೆ ಅನ್ನುವುದೂ ಮುಖ್ಯ. ಮಾರುವವರಿಗೆ ಪ್ರಶ್ನೆ ಇಷ್ಟವಾಗುವುದಿಲ್ಲ. ‘ಸ್ಪಾಟ್ ಅಡ್ಮಿಷನ್’, ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅನ್ನುವ ಮಾತು ಕಂಡರೆ ಕಾಫಿ ಕುಡಿದು ಎದ್ದು ಬನ್ನಿ! ನೂರಕ್ಕೆ ನೂರು ಕೆಲಸ ಕೊಡಿಸುತ್ತೇವೆ ಅಂತ ಪುಣೆಯ ಸಂಸ್ಥೆಯಲ್ಲಿ ಓದಿದವರಿಗೂ ಯಾರೂ ಮಾತು ಕೊಟ್ಟಿಲ್ಲ. ವಿಶ್ವವಿದ್ಯಾಲಯ ಅಂತ ಹೇಳಿಕೊಂಡರೆ ಯುಜಿಸಿಯ ಪಟ್ಟಿಯಲ್ಲಿದೆಯಾ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಅವರೇ ಪ್ರಕಟಿಸುತ್ತಾರೆ. ದುಡ್ಡು ಕೊಟ್ಟು ಕೈ ಸುಟ್ಟುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಫೋನ್ ಮಾಡಿ ಕೇಳುವುದರಲ್ಲಿ ತಪ್ಪಿಲ್ಲ. ನನಗೆ ಆಗ ಅದು ಗೊತ್ತಿರಲಿಲ್ಲ.

ಸರ್ಕಾರಿ ಸಂಸ್ಥೆ ಅಂದರೆ ಮೂಗು ಮುರಿಯುವವರೂ ಇದ್ದಾರೆ. ಅವರಿಗೊಂದು ಮಾತು. ‘ಕಾಗಜ್ ಕೆ ಫೂಲ್’ ಚಿತ್ರದ ಆ ನೆರಳು ಬೆಳಕನ್ನು ನೆನಪಿಸಿಕೊಳ್ಳಿ. ಅದನ್ನು ಸೆರೆಹಿಡಿದ ಮೈಸೂರಿನ ವಿ.ಕೆ. ಮೂರ್ತಿ ಅವರು ಕ್ಯಾಮೆರಾ ಕಲಿತದ್ದು ನಮ್ಮ ಬೆಂಗಳೂರಿನ ಎಸ್‌ಜೆಪಿಯಲ್ಲಿ, ಅಂದರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, 1940ರ ದಶಕದಲ್ಲಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಗೋವಿಂದ ನಿಹಲಾನಿ ಕೂಡ ಅಲ್ಲೇ ಓದಿದವರು. ಆ ವಿಭಾಗವೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಯಿತು.

ಸರಿ, ಸಭೆ ಒಳ್ಳೆಯದೇ ಅಂತ ಖಾತ್ರಿಯಾಯಿತು. ಮಗಳು ಹೊರಟಳು. ಹೋಗಿ ಏನು ಮಾಡುತ್ತಾಳೆ? ಹೆಚ್ಚಿನ ಮಕ್ಕಳು ಕೊನೆ ಸಾಲಿನಲ್ಲಿ ಗೆಳತಿಯರ ಜೊತೆ ಕೂರುತ್ತಾರೆ, ಅತಿಥಿಯ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಚುರುಮುರಿ ತಿಂದು ಮನೆಗೆ ಬರುತ್ತಾರೆ. ಸೆಲ್ಫಿಯಿಂದ ಅತಿಥಿಗೆ ನಿಮ್ಮ ಮಗಳ ಮುಖವೂ ನೆನಪಿರುವುದಿಲ್ಲ. ನೆನಪಿರುವುದು ಒಂದು ಒಳ್ಳೆಯ ಪ್ರಶ್ನೆ. “ಸರ್, ನಿಮಗೆ ಸ್ಫೂರ್ತಿ ಯಾರು?”, “ಹೊಸಬರಿಗೆ ನಿಮ್ಮ ಸಲಹೆ ಏನು?” – ಇವು ಅವರು ನೂರು ಸಲ ಕೇಳಿಸಿಕೊಂಡ ಪ್ರಶ್ನೆಗಳು, ಉತ್ತರವೂ ಬಾಯಿಪಾಠ. ಅದರ ಬದಲು ಹಿಂದಿನ ದಿನ ಅವರ ಒಂದು ಚಿತ್ರ ನೋಡಿಕೊಂಡು ಹೋಗಿ, “ಮಳೆಯ ದೃಶ್ಯದಲ್ಲಿ ಮಾತು ಅಷ್ಟು ಸ್ಪಷ್ಟವಾಗಿ ಕೇಳಿಸುತ್ತೆ, ಅಲ್ಲೇ ರೆಕಾರ್ಡ್ ಮಾಡಿದ್ರಾ, ಆಮೇಲೆ ಡಬ್ ಮಾಡಿದ್ರಾ?” ಅಂತ ಕೇಳಲಿ. ಅತಿಥಿ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬರುತ್ತಾರೆ! ನಾನೇ ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ ಬರೆದುಕೊಂಡು ಹೋಗುವುದರಲ್ಲಿ ನಾಚಿಕೆಯೇನಿಲ್ಲ. ಇಂಗ್ಲಿಷ್ ಬರದು ಅನ್ನುವ ಹಿಂಜರಿಕೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಜಾಸ್ತಿ. ಕನ್ನಡದಲ್ಲೇ ಕೇಳಲಿ. ಬೆಂಗಳೂರಿನ ಸಭೆಯಲ್ಲಿ ಕನ್ನಡದ ಪ್ರಶ್ನೆಗೆ ಯಾರೂ ನಗುವುದಿಲ್ಲ, ನಕ್ಕರೆ ಅದು ನಕ್ಕವರ ಸಣ್ಣತನ.

ಸಭೆ ಮುಗಿದ ಮೇಲೆ ಹತ್ತು ನಿಮಿಷ ಇರುತ್ತದಲ್ಲ, ಜನ ಏಳುತ್ತಾ ಕುರ್ಚಿ ಸರಿಸುತ್ತಾ ಇರುವಾಗ? ನಿಜವಾದ ಕೆಲಸ ಆಗುವುದು ಆಗ. ಆ ಹೊತ್ತಿನಲ್ಲಿ “ಚಾನ್ಸ್ ಕೊಡಿ ಸರ್” ಅಂತ ಕೇಳಬಾರದು. ಹೆಸರು ಹೇಳಿ, ಓದುತ್ತಿರುವುದು ಹೇಳಿ, “ನಾನು ಮಾಡಿರೋ ಮೂರು ನಿಮಿಷದ ಚಿತ್ರ ಕಳಿಸಲಾ?” ಅಂತ ಒಂದೇ ಮಾತು ಕೇಳಲಿ. ಒಪ್ಪಿದರೆ ಎರಡು ದಿನದೊಳಗೆ ನಾಲ್ಕು ಸಾಲಿನ ಇ-ಮೇಲ್, ಚಿತ್ರದ ಕೊಂಡಿ. ಅಷ್ಟೆ. ಉತ್ತರ ಬರದೇ ಇರಬಹುದು. ಹತ್ತರಲ್ಲಿ ಒಂಬತ್ತಕ್ಕೆ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆಗ ಮುಖ ಸಣ್ಣ ಮಾಡಿಕೊಂಡ ಮಗಳಿಗೆ “ನಾನು ಆವತ್ತೇ ಹೇಳಿದ್ದೆ” ಅನ್ನುವ ಮಾತು ನಿಮ್ಮ ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ವೇದಿಕೆ ಮೇಲಿದ್ದವರಿಗಿಂತ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಇನ್ನೊಂದು ಕಾಲೇಜಿನ ಹುಡುಗಿಯ ಪರಿಚಯವೇ ಎಷ್ಟೋ ಸಲ ಮುಂದೆ ಕೆಲಸಕ್ಕೆ ಬರುತ್ತದೆ. ಕಾನ್‌ಗೆ ಹೋದ ಆ ಹುಂಜದ ಕತೆಯಲ್ಲೂ ಹಾಗೇ ಅಲ್ಲವೇ?

ಕರಿಯರ್ ಮೇಳಗಳಿಗೆ ಹೋದರೆ ಇನ್ನೂ ಒಂದು ಲಾಭ ಇದೆ. ಸಿನಿಮಾ ಅಂದರೆ ನಮಗೆ ಗೊತ್ತಿರುವುದು ನಟಿ, ನಿರ್ದೇಶಕ, ಗಾಯಕಿ. ಟಿವಿ ಅಂದರೆ ವಾರ್ತೆ ಓದುವವರು. ಹೆಣ್ಣುಮಕ್ಕಳು ಸಿನಿಮಾ ಅಂದ ತಕ್ಷಣ ನಾವು ಗಾಬರಿಯಾಗುವುದೂ ಅದಕ್ಕೇ. ಅಲ್ಲಿ ಹೋಗಿ ನೋಡಿದರೆ ಎಷ್ಟೊಂದು ಕೆಲಸಗಳು! ಒಂದು ದೃಶ್ಯದಲ್ಲಿ ನಾಯಕಿಯ ಎಡಗೈಯಲ್ಲಿದ್ದ ಲೋಟ ಮುಂದಿನ ದೃಶ್ಯದಲ್ಲೂ ಎಡಗೈಯಲ್ಲೇ ಇದೆಯಾ ಅಂತ ನೋಡಿಕೊಳ್ಳುವವರು, ಹೆಜ್ಜೆ ಸದ್ದು ಬಳೆ ಸದ್ದುಗಳನ್ನು ಸ್ಟುಡಿಯೋದಲ್ಲಿ ಕೂತು ಹುಟ್ಟಿಸುವವರು, ಬಣ್ಣ ಹೊಂದಿಸುವವರು, ಕನ್ನಡದ ಮಾತಿಗೆ ಬೇರೆ ಭಾಷೆಯ ಅಡಿಬರಹ ಬರೆಯುವವರು. ಅನಿಮೇಷನ್, ಗ್ರಾಫಿಕ್ಸ್, ಗೇಮಿಂಗ್‌ಗೆ ಬೆಂಗಳೂರು ದೊಡ್ಡ ಊರೇ. ಈ ಕ್ಷೇತ್ರಕ್ಕೆಂದೇ ಪ್ರತ್ಯೇಕ ನೀತಿಯನ್ನು ಕರ್ನಾಟಕ ಸರ್ಕಾರ 2012ರಲ್ಲೇ ತಂದಿತು. ಇವುಗಳಲ್ಲಿ ಬಹಳಷ್ಟು ಕೆಲಸ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡುವಂಥದ್ದು. ಅಜ್ಜಿಗೆ ಹೇಳಿದರೆ ಅವರೂ ಒಪ್ಪಿಯಾರು!

ನನ್ನ ಮನಸ್ಸಿಗೆ ತಟ್ಟಿದ್ದು ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ. ಮಗಳ ಜೊತೆ ಹೋದ ಒಂದು ಉಪನ್ಯಾಸದಲ್ಲಿ ಕೇಳಿದೆ. ಹಳೆಯ ಫಿಲಂ ರೀಲು ಸೆಕೆಗೆ, ತೇವಕ್ಕೆ ಕೆಡಲು ಶುರುವಾದರೆ ವಿನೆಗರ್ ವಾಸನೆ ಬರುತ್ತದಂತೆ. ವಾಸನೆ ಬಂದ ರೀಲನ್ನು ಬೇರೆಯವುಗಳಿಂದ ದೂರ ಇಡಬೇಕು, ಇಲ್ಲದಿದ್ದರೆ ಅವೂ ಕೆಡುತ್ತವೆ. ನಾನು ಬೀರುವಿನಲ್ಲಿರುವ ಧಾರೆ ಸೀರೆ ನೆನೆಸಿಕೊಂಡೆ. ವರ್ಷಕ್ಕೊಮ್ಮೆ ಮಡಿಕೆ ಬದಲಿಸದಿದ್ದರೆ ಜರಿ ಮುರಿಯುವುದಿಲ್ಲವೇ, ಹಾಗೇ. ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಹೀಗೆ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಈ ಕೆಲಸ ಕಲಿಸುವ ಕಾರ್ಯಾಗಾರಗಳನ್ನು ಮುಂಬೈನ ಫಿಲಂ ಹೆರಿಟೇಜ್ ಫೌಂಡೇಷನ್ 2015ರಿಂದ ಬೇರೆ ಬೇರೆ ಊರುಗಳಲ್ಲಿ ನಡೆಸಿಕೊಂಡು ಬಂದಿದೆ. ಅಚ್ಚುಕಟ್ಟು, ತಾಳ್ಮೆ ಎರಡೂ ಬೇಕಾದ ಕೆಲಸ. ನಮ್ಮ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ್ದು ಅನ್ನೋಣ ಅಂದುಕೊಂಡೆ, ಮಗಳು “ಗಂಡುಮಕ್ಕಳಿಗೂ ತಾಳ್ಮೆ ಕಲಿಸಮ್ಮ” ಅಂದಳು. ಸುಮ್ಮನಾದೆ.

ಎಲ್ಲಿ ನಡೆಯುತ್ತವೆ ಇವೆಲ್ಲ? ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಬನಶಂಕರಿ ಎರಡನೇ ಹಂತದ ಸುಚಿತ್ರಾ. 1971ರಿಂದ ಇರುವ ಫಿಲಂ ಸೊಸೈಟಿ, ಚಿತ್ರ ನೋಡಿ ಆಮೇಲೆ ಮಾತಾಡುವ ಅಭ್ಯಾಸ ಎಷ್ಟೋ ಜನಕ್ಕೆ ಹತ್ತಿದ್ದೇ ಅಲ್ಲಿ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲೂ ಸಾರ್ವಜನಿಕರಿಗೆ ಉಪನ್ಯಾಸಗಳಿರುತ್ತವೆ, ಬಹುತೇಕ ಉಚಿತ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಚಿತ್ರಗಳ ಜೊತೆಗೆ ಮಾಸ್ಟರ್‌ಕ್ಲಾಸ್‌ಗಳೂ ಇರುತ್ತವೆ, ವಿದ್ಯಾರ್ಥಿಗಳ ಪಾಸಿಗೆ ದರ ಕಡಿಮೆ. ಗೋವಾ ಚಿತ್ರೋತ್ಸವ ನವೆಂಬರಿನಲ್ಲಿ, ತಿರುವನಂತಪುರದ್ದು ಡಿಸೆಂಬರಿನಲ್ಲಿ. ರೈಲಿನಲ್ಲಿ ಗುಂಪಾಗಿ ಹೋಗುವ ಮಕ್ಕಳೂ ಇದ್ದಾರೆ. ಹೆಗ್ಗೋಡಿನ ನೀನಾಸಂ ಅಂತೂ 1970ರ ದಶಕದಲ್ಲೇ ಹಳ್ಳಿಯ ಜನಕ್ಕೆ ಜಗತ್ತಿನ ಚಿತ್ರಗಳನ್ನು ತೋರಿಸಿತ್ತು. ಪುಣೆಯಿಂದ ಸತೀಶ್ ಬಹಾದೂರ್ ಅವರಂಥ ಮೇಷ್ಟ್ರು ಬಂದು ಚಿತ್ರ ನೋಡುವುದು ಹೇಗೆ ಅಂತ ಪಾಠ ಮಾಡಿದ್ದರು. ಅಡಿಕೆ ತೋಟದವರು ಕೂತು ಕೇಳಿದ್ದನ್ನು ನಾವು ಮಾಲ್ ಪಕ್ಕದಲ್ಲಿದ್ದೂ ಕೇಳದಿದ್ದರೆ ಹೇಗೆ!

ಈಗ ನಿಮ್ಮ ಎದೆಯಲ್ಲಿರುವ ಮಾತಿಗೆ ಬರೋಣ. ಹುಡುಗಿ, ಸಿನಿಮಾ, ರಾತ್ರಿ. ಭಯ ಸುಳ್ಳಲ್ಲ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ನೋಡಲು 2017ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2019ರಲ್ಲೇ ಸಿದ್ಧವಾಗಿದ್ದರೂ ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದಾದ ಮೇಲೆ ನಮ್ಮಲ್ಲೂ ಅಂಥದೇ ಸಮಿತಿ ಬೇಕು ಅಂತ ಕನ್ನಡ ಚಿತ್ರರಂಗದ ‘ಫೈರ್’ ಸಂಘಟನೆ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟಿತು. ಹಾಗಂತ ಭಯಕ್ಕೆ ಮದ್ದು ಮನೆಯಲ್ಲಿ ಕೂರಿಸುವುದಲ್ಲ. ಸಭೆಯಲ್ಲಿ ನೂರು ಜನರಿರುತ್ತಾರೆ, ತೊಂದರೆ ಇರುವುದು ಆಮೇಲಿನ “ಬಾ, ಬೇರೆ ಕಡೆ ಕೂತು ಮಾತಾಡೋಣ”ದಲ್ಲಿ. ಕೆಲಸದ ಮಾತು ಕಚೇರಿಯಲ್ಲಿ, ಹಗಲಿನಲ್ಲಿ, ಸಾಧ್ಯವಾದರೆ ಗೆಳತಿಯೊಬ್ಬಳ ಜೊತೆ. ಪೋರ್ಟ್‌ಫೋಲಿಯೋ ಮಾಡಿಸು, ನೋಂದಣಿ ಶುಲ್ಕ ಕಟ್ಟು ಅಂತ ದುಡ್ಡು ಕೇಳುವವರು ಕೆಲಸ ಕೊಡುವವರಲ್ಲ. ಇಂಟರ್ನ್‌ಷಿಪ್ ಸಿಕ್ಕರೆ ಒಂದು ಪತ್ರ ಕೇಳಿ ಪಡೆಯಲಿ. ಎಷ್ಟು ದಿನ, ಎಷ್ಟು ಹೊತ್ತು, ಭತ್ಯೆ ಇದೆಯೋ ಇಲ್ಲವೋ, ರಾತ್ರಿ ಶೂಟಿಂಗ್ ಇದ್ದರೆ ಮನೆಗೆ ಬಿಡುವವರು ಯಾರು. 2013ರ ಕಾಯ್ದೆಯ ಪ್ರಕಾರ ಹತ್ತು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಡೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಸಂಬಳದ ಕೆಲಸ ಅಲ್ಲ, ಬರೀ ಟ್ರೈನಿ ಅನ್ನುವ ಕಾರಣಕ್ಕೆ ದೂರು ಕೊಡಬಾರದು ಅಂತೇನಿಲ್ಲ, ಆದರೆ ಮೂರು ತಿಂಗಳೊಳಗೆ ಕೊಡಬೇಕು. “ಸಮಿತಿಯಲ್ಲಿ ಯಾರಿದ್ದಾರೆ?” ಅಂತ ಮೊದಲ ದಿನವೇ ಕೇಳುವ ಹುಡುಗಿಯ ತಂಟೆಗೆ ಹೋಗಲು ಜನ ಎರಡು ಸಲ ಯೋಚಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಏನಾದರೂ ಆದರೆ ಅವಳು ಮೊದಲು ಹೇಳಬೇಕಾದದ್ದು ನಿಮಗೆ. ಹೇಳಿದರೆ ಓದೇ ನಿಲ್ಲಿಸಿಬಿಡುತ್ತಾರೆ ಅನ್ನುವ ಹೆದರಿಕೆ ಇದ್ದರೆ ಹೇಳುತ್ತಾಳೆಯೇ?

ಬೇಕಾದರೆ ಒಮ್ಮೆ ನೀವೂ ಹೋಗಿ. ಸಾರ್ವಜನಿಕ ಉಪನ್ಯಾಸ ಅಂದರೆ ನೀವೂ ಸಾರ್ವಜನಿಕರೇ ತಾನೆ? ನಾನು ಹೋದ ಮೊದಲ ಸಲ ಒಂದು ತಪ್ಪು ಮಾಡಿದೆ. ಪ್ರಶ್ನೋತ್ತರದಲ್ಲಿ ಕೈ ಎತ್ತಿ, “ಸರ್, ಇದನ್ನ ಓದಿದ್ರೆ ನಮ್ಮ ಹುಡುಗಿಗೆ ಕೆಲಸ ಸಿಗುತ್ತಾ?” ಅಂತ ಕೇಳಿಬಿಟ್ಟೆ. ಹಾಲ್‌ಗೆ ಹಾಲೇ ನಕ್ಕಿತು. ಮಗಳು ಎರಡು ದಿನ ಮಾತು ಬಿಟ್ಟಳು. ಆದ್ದರಿಂದ ಮಗಳಿಂದ ನಾಲ್ಕು ಸಾಲು ಹಿಂದೆ ಕೂತುಕೊಳ್ಳಿ, ಪರಿಚಯ ಇಲ್ಲದವರ ಹಾಗೆ. ಬೇಗ ಹೋದರೆ ಒಳ್ಳೆಯ ಜಾಗ ಸಿಗುತ್ತದೆ. ಒಳಗೆ ಏಸಿ ಇರುತ್ತೆ, ಒಂದು ಶಾಲು ಇಟ್ಟುಕೊಳ್ಳಿ.

ಹೋಗಲು ಆಗದಿದ್ದರೆ ಪರವಾಗಿಲ್ಲ. ಅವಳು ಹೊರಡುವಾಗ ಫೋನ್ ಚಾರ್ಜ್ ಇದೆಯಾ ನೋಡಿ, ಆಟೋಗೆ ಚಿಲ್ಲರೆ ಕೊಡಿ, ವಾಪಸ್ ಬರುವುದು ಮೆಟ್ರೋದಲ್ಲೋ ಗೆಳತಿಯ ಗಾಡಿಯಲ್ಲೋ ಕೇಳಿಕೊಳ್ಳಿ. ಒಂಬತ್ತು ಗಂಟೆಗೆ ಬಾಗಿಲು ತೆಗೆದಾಗ “ಯಾಕೆ ಲೇಟು?” ಅನ್ನುವ ಬದಲು “ಏನು ಪ್ರಶ್ನೆ ಕೇಳಿದೆ?” ಅನ್ನಿ. ಸಾರು ಬಿಸಿ ಮಾಡಿಕೊಳ್ಳುತ್ತಾ ಅವಳೇ ಹೇಳುತ್ತಾಳೆ.